ತರಗೆಲೆಯ ಅಡಿಯ ಆಳುಗಳು

ನಮ್ಮ ಸಂಘದ ಯಾವ ಸಭೆ ಸೇರಿದರೂ ಕಾಫಿಯ ಲೋಟ ಕೈಗೆ ಬರುವ ಮೊದಲೇ ಕೇಳಿಬರುವ ಮಾತು ಒಂದೇ: "ಆಳು ಸಿಗುತ್ತಿಲ್ಲ." ಮರಗಸಿಗೆ ಜನವಿಲ್ಲ, ಹಣ್ಣು ಕುಯ್ಲಿಗೆ ಜನವಿಲ್ಲ, ಕೊನೆ ತೆಗೆಯಲು ಜನವಿಲ್ಲ. ಈ ಕಷ್ಟ ನಮಗೂ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿಯೊಬ್ಬ ಸದಸ್ಯರ ತೋಟದಲ್ಲೂ ಹಗಲಿರುಳು ದುಡಿಯುವ, ಹಬ್ಬಹರಿದಿನಕ್ಕೆ ರಜೆ ಕೇಳದ ಒಂದು ದೊಡ್ಡ ಪಡೆಯೇ ಇದೆ ಎಂಬುದನ್ನು ನಾವು ಸಾಧಾರಣವಾಗಿ ಮರೆಯುತ್ತೇವೆ. ಅವರಿಗೂ ಕೂಲಿ ಕೊಡಬೇಕು. ಬೇಸಗೆ ಬಂದಾಗ ನಮ್ಮಲ್ಲಿ ಕೆಲವರು ಆ ಕೂಲಿಗೇ ಬೆಂಕಿ ಇಡುತ್ತಿದ್ದೇವೆ.

ಈ ಲೇಖನಕ್ಕೆ ಕಾರಣವಾದದ್ದು ಒಂದು ಪ್ರಶ್ನೆ. ಕಳೆದ ಬೇಸಗೆಯಲ್ಲಿ ಯುವ ಸದಸ್ಯರೊಬ್ಬರು ಕಚೇರಿಗೆ ಬಂದವರು, "ತರಗು ಗುಡಿಸಿ ಸುಟ್ಟರೆ ತೋಟ ಚೊಕ್ಕಟವಾಗುತ್ತದೆ, ಬೂದಿ ಗೊಬ್ಬರವೇ ಆಗುತ್ತದೆ. ಇದರಲ್ಲಿ ನಷ್ಟವೆಲ್ಲಿ ಬಂತು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. "ಸುಡಬಾರದು" ಎಂದು ಹೇಳಿ ಕಳಿಸಿದರೆ ಅದು ಉತ್ತರವಾಗುವುದಿಲ್ಲ. ತೋಟದಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನಡುವೆ ಯಾರು ಯಾರು ಉಣ್ಣುತ್ತಾರೆ ಎಂಬುದನ್ನು ತಿಳಿದರೆ ಉತ್ತರ ತಾನೇ ಹೊರಡುತ್ತದೆ.

ಶಕ್ತಿಯ ದಾರಿ

ತೋಟಕ್ಕೆ ಬರುವ ಶಕ್ತಿಯೆಲ್ಲ ಬಿಸಿಲಿನದು. ಎಲೆಗಳ ಮೇಲೆ ಬಿದ್ದ ಬಿಸಿಲಿನಲ್ಲಿ ಗಿಡ ಹಿಡಿದಿಡುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಗಾಳಿಯ ಇಂಗಾಲಾಮ್ಲವನ್ನೂ ಬೇರಿನಿಂದ ಬಂದ ನೀರನ್ನೂ ಕೂಡಿಸಿ ಸಕ್ಕರೆ ಮಾಡಿ, ಆ ಸಕ್ಕರೆಯಲ್ಲಿ ಬಿಸಿಲನ್ನು ಕಟ್ಟಿಡುತ್ತದೆ. ಅದರಲ್ಲೂ ಒಂದು ದೊಡ್ಡ ಪಾಲು ಗಿಡದ ಉಸಿರಾಟಕ್ಕೇ ಖರ್ಚಾಗುತ್ತದೆ. ಉಳಿದದ್ದು ಎಲೆ, ಕಾಂಡ, ಬೇರು, ಹಣ್ಣು.

ಎಲೆಯನ್ನು ಹುಳು ತಿನ್ನುತ್ತದೆ, ಹುಳುವನ್ನು ಮಡಿವಾಳ ಹಕ್ಕಿ ತಿನ್ನುತ್ತದೆ, ಹಕ್ಕಿಯನ್ನು ಗಿಡುಗ ಒಯ್ಯುತ್ತದೆ. ಒಂದೊಂದು ಮೆಟ್ಟಿಲು ದಾಟುವಾಗಲೂ ಶಕ್ತಿಯ ಬಹುಪಾಲು ಶಾಖವಾಗಿ ಸೋರಿಹೋಗಿ, ಮೇಲಿನ ಮೆಟ್ಟಿಲಿಗೆ ಸೇರುವುದು ಹತ್ತರಲ್ಲಿ ಒಂದರಷ್ಟು. ಎಲೆಯಲ್ಲಿ 1,000 ಇದ್ದರೆ ಹುಳುವಿನಲ್ಲಿ 100, ಹಕ್ಕಿಯಲ್ಲಿ 10, ಗಿಡುಗನಲ್ಲಿ 1. ಇದು ಸ್ಥೂಲ ಲೆಕ್ಕ. ಜೀವಿಯಿಂದ ಜೀವಿಗೆ ಹೆಚ್ಚುಕಡಿಮೆ ಆಗುತ್ತದೆ. ಅಮೆರಿಕದ ಮಿನ್ನೆಸೋಟದ ಒಂದು ಸಣ್ಣ ಕೆರೆಯಲ್ಲಿ ವರ್ಷಗಟ್ಟಲೆ ಕುಳಿತು ಇಂಥ ಲೆಕ್ಕಕ್ಕೆ ಬುನಾದಿ ಹಾಕಿದವರು ರೇಮಂಡ್ ಲಿಂಡೆಮನ್. ಅವರ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಅದು ಅಚ್ಚಾಗುವ ಮೊದಲೇ ಅವರು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದರು. ತೋಟದಲ್ಲಿ ಹುಳುಗಳು ಲಕ್ಷ, ಹಕ್ಕಿಗಳು ನೂರಾರು, ಗಿಡುಗ ಒಂದೋ ಎರಡೋ ಇರುವುದೇಕೆ ಎಂಬುದಕ್ಕೆ ಈ ಲೆಕ್ಕದಲ್ಲಿ ಉತ್ತರವಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ನೆರಳಿನ ಮರಗಳನ್ನು ತಲೆಯೆತ್ತಿ ನೋಡಿ. ಅತ್ತಿ, ಬಸರಿ, ಹಲಸು, ನಂದಿ, ಸಿಲ್ವರ್ ಓಕ್, ಯಾವುದರಲ್ಲಿ ಹುಳು ತಿಂದು ಮುಗಿಸಿದ ಎಲೆ ಎಷ್ಟು? ಬಹಳ ಕಡಿಮೆ. ಕಾಡಿನಲ್ಲಾಗಲಿ ನೆರಳಿನ ತೋಟದಲ್ಲಾಗಲಿ ಬೆಳೆದ ಎಲೆಯಲ್ಲಿ ಹೆಚ್ಚಿನ ಭಾಗವನ್ನು ಹಸಿಯಾಗಿ ಯಾರೂ ತಿನ್ನುವುದಿಲ್ಲ. ಅದು ಹಣ್ಣಾಗಿ ಉದುರುತ್ತದೆ. ಹುಳು, ಹಕ್ಕಿ, ಗಿಡುಗನ ಸಾಲು ಒಂದು ಕಾಲುದಾರಿ ಮಾತ್ರ. ತೋಟದ ಶಕ್ತಿ ಹರಿಯುವ ಹೆದ್ದಾರಿ ತರಗೆಲೆಯ ಮೂಲಕ ಹೋಗುತ್ತದೆ.

ಎಷ್ಟು ಶಕ್ತಿ? ಒಂದು ಕೆ.ಜಿ. ಒಣಗಿದ ಎಲೆಯಲ್ಲಿ ಸುಮಾರು 4,000 ಕಿಲೋಕ್ಯಾಲರಿ ಇರುತ್ತದೆ, ಒಂದು ಕೆ.ಜಿ. ಅಕ್ಕಿಯಲ್ಲಿರುವುದಕ್ಕಿಂತ ಸ್ವಲ್ಪ ಹೆಚ್ಚೇ. ಒಂದು ಟನ್ ತರಗಿನಲ್ಲಿ 40 ಲಕ್ಷ ಕಿಲೋಕ್ಯಾಲರಿ. ಒಬ್ಬ ಆಳಿಗೆ ದಿನಕ್ಕೆ 2,400 ಬೇಕೆಂದು ಹಿಡಿದರೆ ಇದು ಅವನ ನಾಲ್ಕೂವರೆ ವರ್ಷದ ಊಟಕ್ಕೆ ಸಮ. ನಮ್ಮ ಹೊಟ್ಟೆಗೆ ತರಗು ಅರಗದು, ನಿಜ. ಆದರೆ ಅರಗಿಸಿಕೊಳ್ಳಬಲ್ಲವರು ತೋಟದಲ್ಲಿದ್ದಾರೆ. ದಟ್ಟ ನೆರಳಿನ ತೋಟದಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ಟನ್ನುಗಟ್ಟಲೆ ತರಗು ಬೀಳುತ್ತದೆ. ಕಡ್ಡಿ ಗೀರಿದರೆ ಅಷ್ಟು ಊಟವೂ ಅರ್ಧ ಗಂಟೆಯಲ್ಲಿ ಹೊಗೆ.

ದ್ರವ್ಯದ ದಾರಿ

ಶಕ್ತಿಯದು ಒಂದೇ ದಿಕ್ಕಿನ ಪ್ರಯಾಣ. ಹೊಸದಾಗಿ ಹಾಕಿದ ಗೊಬ್ಬರದ ರಾಶಿಯೊಳಗೆ ಕೈ ಇಟ್ಟರೆ ಬಿಸಿ ತಟ್ಟುತ್ತದಲ್ಲ, ಅದು ಕಳೆದ ವರ್ಷದ ಬಿಸಿಲು. ಕೊನೆಯ ಬಾರಿಗೆ ಶಾಖವಾಗಿ ಹೊರಟುಹೋಗುತ್ತಿದೆ. ಅದನ್ನು ತಿರುಗಿ ಎಲೆಯೊಳಗೆ ಸೇರಿಸಲು ಯಾರಿಂದಲೂ ಆಗದು.

ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣದಂಥ ದ್ರವ್ಯಗಳ ದಾರಿ ಹಾಗಲ್ಲ. ಮಣ್ಣಿನಿಂದ ಬೇರಿಗೆ, ಬೇರಿನಿಂದ ಎಲೆಗೆ, ಎಲೆಯಿಂದ ತರಗಿಗೆ, ತರಗಿನಿಂದ ಮತ್ತೆ ಮಣ್ಣಿಗೆ ಅವು ಸುತ್ತುತ್ತಲೇ ಇರುತ್ತವೆ. ಜೀವಿಗಳನ್ನೂ ಮಣ್ಣು, ನೀರು, ಗಾಳಿ, ಬಿಸಿಲುಗಳನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದು 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಹೇಳಿದರು. ನಾವು ಪರಿಸರ ವ್ಯವಸ್ಥೆ ಎಂದು ಕರೆಯುವುದು ಅದನ್ನೇ. ನಮ್ಮ ಕಾಫಿ ತೋಟ ಅಂಥ ಒಂದು ವ್ಯವಸ್ಥೆ. ಅರೇಬಿಕಾ ಮೂಲದಲ್ಲಿ ಇಥಿಯೋಪಿಯದ ಬೆಟ್ಟದ ಕಾಡುಗಳಲ್ಲಿ ಮರದ ನೆರಳಲ್ಲಿ, ತರಗಿನ ಹಾಸಿಗೆಯ ಮೇಲೆ ಬೆಳೆದ ಗಿಡ ಎಂಬುದನ್ನು ಮರೆಯಬಾರದು. ಸೊಪ್ಪಿನ ಬೆಟ್ಟದಿಂದ ಸೊಪ್ಪು ದರಕು ಹೊತ್ತು ತಂದು ಅಡಿಕೆ ಬುಡಕ್ಕೆ ಹಾಕಿದ ಹಿರಿಯರು ಟಾನ್ಸ್ಲಿಯ ಹೆಸರು ಕೇಳಿರಲಿಲ್ಲ. ಆದರೆ ಈ ಸುತ್ತುದಾರಿಯನ್ನು ಬಲ್ಲವರಾಗಿದ್ದರು.

ಈ ಎರಡು ದಾರಿಗಳು ಕೂಡುವ ಸ್ಥಳವೇ ತರಗು. ಅಲ್ಲಿ ಶಕ್ತಿಯನ್ನು ತಾವು ಉಂಡು, ದ್ರವ್ಯವನ್ನು ಬಿಡಿಸಿ ನಮ್ಮ ಗಿಡಕ್ಕೆ ಕೊಡುವವರೇ ನಾವು ಮೊದಲು ಹೇಳಿದ ಆಳುಗಳು.

ಯಾರ ಕೆಲಸ ಯಾವುದು

ಫಲವತ್ತಾದ ಮಣ್ಣು ಒಂದು ಗ್ರಾಂ ತೆಗೆದುಕೊಂಡರೆ ಅದರಲ್ಲಿ ಹತ್ತಾರು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಗಳಿರುತ್ತವೆ. ಇವುಗಳ ಜೊತೆಗೆ ಬೂಷ್ಟು, ಅಣಬೆಯ ಎಳೆಗಳು, ಕಣ್ಣಿಗೆ ಕಾಣುವ ಚೋರಟೆ, ಎರೆಹುಳು, ಗೆದ್ದಲುಗಳೂ ಸೇರುತ್ತವೆ. ಕೆಲಸ ಹಂಚಿಕೆ ನಮ್ಮ ಕುಯ್ಲಿನ ಗುಂಪುಗಳಿಗಿಂತ ಅಚ್ಚುಕಟ್ಟು.

ಎಲೆ ಬಿದ್ದು ಮಳೆ ತಾಗಿದ ಕೂಡಲೆ ಅದರಲ್ಲಿದ್ದ ಸಕ್ಕರೆಯೂ ಪೊಟ್ಯಾಷಿನ ಬಹುಪಾಲೂ ನೀರಿನಲ್ಲಿ ಇಳಿಯುತ್ತವೆ; ಸಕ್ಕರೆಯನ್ನು ಬ್ಯಾಕ್ಟೀರಿಯ ಮತ್ತು ಬೂಷ್ಟು ಮೊದಲು ಮುಗಿಸುತ್ತವೆ. ಚೋರಟೆ, ಎರೆಹುಳುಗಳು ಎಲೆಯನ್ನು ಚೂರು ಮಾಡಿ ಮಣ್ಣಿನೊಡನೆ ಬೆರೆಸುತ್ತವೆ. ಎಲೆಯ ನಾರನ್ನು ಕರಗಿಸುವ ಕೆಲಸದಲ್ಲಿ ಶಿಲೀಂಧ್ರಗಳದು ದೊಡ್ಡ ಕೈ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥವನ್ನು ಪೂರ್ತಿ ಬಿಡಿಸಬಲ್ಲವು ಮುಖ್ಯವಾಗಿ ಕೆಲವು ಜಾತಿಯ ಅಣಬೆಗಳು. ಮಳೆಗಾಲದಲ್ಲಿ ಕೊಳೆತ ದಿಮ್ಮಿಯ ಮೇಲೆ ಏಳುವ ಅಣಬೆ ಈ ಕೆಲಸ ನಡೆದಿರುವ ಗುರುತು.

ಕೊನೆಗೆ ಎಲೆಯ ಸಾರಜನಕ ಅಮೋನಿಯ ರೂಪದಲ್ಲಿ ಬಿಡುಗಡೆಯಾಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಈ ಎರಡು ಕೈಗಳ ಕೆಲಸವನ್ನು ರಷ್ಯದ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ನೆನಪಿಡಿ, ನಾವು ಚೀಲದಿಂದ ಎರಚುವ ಯೂರಿಯವೂ ಇದೇ ಕೈಗಳ ಮೂಲಕವೇ ನೈಟ್ರೇಟ್ ಆಗಬೇಕು. ಗೊಬ್ಬರದ ಅಂಗಡಿಗೆ ಹಣ ಕೊಟ್ಟು ತಂದರೂ ಗಿಡಕ್ಕೆ ಬಡಿಸುವವರು ಇವರೇ.

ಹೂಮಳೆ ಬಿದ್ದ ಸಂಜೆ ತೋಟದಿಂದ ಏಳುವ ಮಣ್ಣಿನ ವಾಸನೆ ನಮಗೆಲ್ಲ ಪ್ರಿಯ. ಅದರಲ್ಲಿ ಬಹುಪಾಲು ಆಕ್ಟಿನೋಮೈಸೀಟ್ ಎಂಬ ಗುಂಪಿನ ಸೂಕ್ಷ್ಮಜೀವಿಗಳು ತಯಾರಿಸಿದ್ದು. ಪೂರ್ವ ಆಫ್ರಿಕದಲ್ಲಿ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಒಂದು ಸಂಗತಿಯನ್ನು ವಿವರಿಸಿದರು: ಚೆನ್ನಾಗಿ ಒಣಗಿದ ಮಣ್ಣಿಗೆ ಮಳೆ ಬಿದ್ದರೆ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಕೆಲಸಕ್ಕೆ ಇಳಿಯುತ್ತವೆ, ಕೆಲವೇ ದಿನಗಳಲ್ಲಿ ಸಾರಜನಕ ಹೆಚ್ಚು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಕಾಫಿ ಹೂ ಬಿಟ್ಟು ಹೊಸ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಊಟ ಸಿದ್ಧ. ಆದರೆ ಈ ಊಟ ಬರುವುದು ಮಣ್ಣಿನಲ್ಲಿ ಅದಕ್ಕೆ ಮೊದಲೇ ಕೂಡಿಟ್ಟ ಸಾವಯವ ಪದಾರ್ಥದಿಂದ. ಫೆಬ್ರವರಿಯಲ್ಲಿ ತರಗು ಸುಟ್ಟವನು ಏಪ್ರಿಲಿನ ಈ ಪಂಕ್ತಿಯ ಉಗ್ರಾಣವನ್ನೇ ಬರಿದು ಮಾಡಿಕೊಂಡ ಹಾಗೆ.

ಇನ್ನೆರಡು ಬಗೆಯ ಕೆಲಸಗಾರರನ್ನು ಹೇಳದೆ ಇರಲಾಗದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಕಾಫಿಗೂ ಅಡಿಕೆಗೂ ಅದು ದಕ್ಕದು. ಹಾಲುವಾಣದ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯ ಅದನ್ನು ಹಿಡಿದು ಮರಕ್ಕೆ ಕೊಡುತ್ತದೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಮರಗಸಿ ಮಾಡಿ ಹಾಲುವಾಣದ ಸೊಪ್ಪು ನೆಲಕ್ಕೆ ಕೆಡವಿದಾಗ ಗಾಳಿಯ ಸಾರಜನಕ ಕಾಫಿಯ ಬುಡಕ್ಕೆ ಬಂದಂತಾಯಿತು. ಇನ್ನು ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಹೆಚ್ಚು. ಅವು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಕಾಫಿ, ಅಡಿಕೆ, ಮೆಣಸು ಮೂರರ ಬೇರಿನಲ್ಲೂ ವಾಸಿಸುವ ಮೈಕೋರೈಜ ಎಂಬ ಶಿಲೀಂಧ್ರ ತನ್ನ ಎಳೆಗಳನ್ನು ಬೇರು ಮುಟ್ಟಲಾಗದ ಎಡೆಗಳಿಗೆಲ್ಲ ಹರಡಿ ರಂಜಕವನ್ನು ತಂದುಕೊಡುತ್ತದೆ. ಅದರ ಕೂಲಿಯೂ ಸಕ್ಕರೆಯೇ.

ಕೂಲಿ ಲೆಕ್ಕ

ಆಳಿಗೆ ಬರೀ ಅನ್ನ ಹಾಕಿದರೆ ಸಾಲದು, ಸಾರೂ ಬೇಕು. ಸೂಕ್ಷ್ಮಜೀವಿಯ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಆ 8 ಪಾಲನ್ನು ಮೈಗೂಡಿಸಿಕೊಳ್ಳಲು ಇನ್ನೊಂದು 16 ಪಾಲು ಇಂಗಾಲವನ್ನು ಅದು ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಹೀಗೆ ಅದರ ಊಟದಲ್ಲಿ 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ದರೆ ಲೆಕ್ಕ ಸರಿಹೋಗುತ್ತದೆ. ಹಾಲುವಾಣದ ಹಸಿ ಸೊಪ್ಪಿನಲ್ಲಿ ಸಾರಜನಕ ಇದಕ್ಕಿಂತ ಹೆಚ್ಚು. ಮಿಕ್ಕದ್ದು ಗಿಡಕ್ಕೆ ದೊರೆಯುತ್ತದೆ. ಒಣ ಸೋಗೆ, ಅಡಿಕೆ ಸಿಪ್ಪೆ, ಮರದ ಹೊಟ್ಟುಗಳಲ್ಲಿ ಬಹಳ ಕಡಿಮೆ; ಕೊರತೆಯನ್ನು ಸೂಕ್ಷ್ಮಜೀವಿ ಸುತ್ತಲಿನ ಮಣ್ಣಿನಿಂದ, ಎಂದರೆ ನಮ್ಮ ಗಿಡದ ತಟ್ಟೆಯಿಂದಲೇ ಎತ್ತಿಕೊಳ್ಳುತ್ತದೆ.

ಇದನ್ನು ನಾವು ತಪ್ಪು ಮಾಡಿಯೇ ಕಲಿತೆವು. ಕೆಲವು ವರ್ಷಗಳ ಹಿಂದೆ ಸುಲಿದ ಅಡಿಕೆಯ ಸಿಪ್ಪೆಯನ್ನು ಹಾಗೆಯೇ ಎಳೆಯ ಅಡಿಕೆ ಸಸಿಗಳ ಬುಡದಲ್ಲಿ ಹೂಳಿಸಿದೆವು. ಮುಂದಿನ ಮಳೆಗಾಲದಲ್ಲಿ ಸಸಿಗಳು ಹಳದಿಯಾದವು. ಹಳದಿ ಎಲೆ ರೋಗವೇ ಬಂತೆಂದು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದು ರೋಗವಲ್ಲ, ಹಸಿವು. ಸಿಪ್ಪೆಯನ್ನು ಮೇಲೆತ್ತಿಸಿ ಸಗಣಿ ಬಗ್ಗಡ ಹಾಕಿದ ಮೇಲೆ ಬಂದ ಹೊಸ ಎಲೆಗಳು ಹಸಿರಾಗಿದ್ದವು. ನಿಜವಾದ ಹಳದಿ ಎಲೆ ರೋಗ ಬೇರೆಯೇ. ಅದು ಹೀಗೆ ವಾಸಿಯಾಗುವುದಿಲ್ಲ. ಅಂದಿನಿಂದ ಸಿಪ್ಪೆ, ಸೋಗೆಗಳನ್ನು ಹಸಿ ಸೊಪ್ಪು, ಸಗಣಿಯೊಡನೆ ಗುಂಡಿಯಲ್ಲಿ ಕೊಳೆಸಿದ ಮೇಲೆಯೇ ಬುಡಕ್ಕೆ ಕೊಡುತ್ತೇವೆ. ಕೊಳೆಸಲು ಪುರಸೊತ್ತಿಲ್ಲದಿದ್ದರೆ ಮಣ್ಣಿನ ಮೇಲೆ ಹಾಸಿದರೂ ಸಾಕು, ಹೂಳಬಾರದು.

ಕೆಲಸ ಕೆಡುವುದು ಎಲ್ಲಿ

ಈಗ ಯುವ ಸದಸ್ಯರ ಪ್ರಶ್ನೆಗೆ ಬರೋಣ. ತರಗು ಸುಟ್ಟಾಗ ಪೊಟ್ಯಾಷ್, ಸುಣ್ಣ, ರಂಜಕಗಳ ಹೆಚ್ಚಿನ ಭಾಗ ಬೂದಿಯಲ್ಲಿ ಉಳಿಯುತ್ತದೆ. ಆ ಮಟ್ಟಿಗೆ ಅವರ ಮಾತು ಸರಿ. ಸಾರಜನಕದ ಬಹುಪಾಲು ಮತ್ತು ಗಂಧಕದ ದೊಡ್ಡ ಭಾಗ ಹೊಗೆಯೊಡನೆ ಹೋಗುತ್ತವೆ. ಶಕ್ತಿ ಪೂರ್ತಿ ಹೋಗುತ್ತದೆ. ಉಳಿದ ಬೂದಿಯೂ ಇಳಿಜಾರಿನಲ್ಲಿ ಮೊದಲ ಜಡಿಮಳೆಗೆ ಹಳ್ಳ ಸೇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಆಳುಗಳಿಗೆ ಊಟವಿಲ್ಲ, ನೆಲಕ್ಕೆ ಹೊದಿಕೆಯಿಲ್ಲ. ಬಿಸಿಲು ನೇರ ಬಿದ್ದು ಮೇಲ್ಮಣ್ಣು ಕಾಯುತ್ತದೆ, ತೇವ ಆರುತ್ತದೆ. ಕಾಫಿಯ ಊಟದ ಬೇರು ಹೆಚ್ಚಾಗಿರುವುದು ಆ ಮೇಲ್ಮಣ್ಣಿನಲ್ಲಿಯೇ.

ತಾಮ್ರದ ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ಸೂಕ್ಷ್ಮಜೀವಿ ಎಂದೊಡನೆ ಕೊಳೆ ರೋಗ ನೆನಪಾಗುವುದು ಸಹಜ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆ ರೋಗದ ಕಾರಣವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಉಪಯೋಗವನ್ನು ಬೆಳೆಗಾರರಿಗೆ ತೋರಿಸಿಕೊಟ್ಟರು. ಆ ಉಪಕಾರವನ್ನು ಮರೆಯುವಂತಿಲ್ಲ, ಮದ್ದು ಹೊಡೆಯುವುದನ್ನು ಬಿಡಿ ಎಂದೂ ನಾವು ಹೇಳುವುದಿಲ್ಲ. ಆದರೆ ತಾಮ್ರ ಮೂಲವಸ್ತು. ಅದು ಕೊಳೆಯದು, ಆವಿಯಾಗದು. ಮರದಿಂದ ತೊಟ್ಟಿಕ್ಕಿದ್ದು ವರ್ಷವರ್ಷವೂ ಮಣ್ಣಿನಲ್ಲಿ ಕೂಡುತ್ತಾ ಹೋಗಿ, ಹೆಚ್ಚಾದಾಗ ಎರೆಹುಳುಗಳಿಗೂ ಒಳ್ಳೆಯ ಶಿಲೀಂಧ್ರಗಳಿಗೂ ಕೇಡು ಮಾಡುತ್ತದೆ. ಆದುದರಿಂದ ಶೇ 1ರ ದ್ರಾವಣ, ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಇದನ್ನು ಗೊನೆಗೆ ತಾಗುವಂತೆ ಸಕಾಲದಲ್ಲಿ ಹೊಡೆಯಿರಿ. "ಸ್ವಲ್ಪ ಜೋರಾಗಿರಲಿ" ಎಂದು ತುತ್ತ ಹೆಚ್ಚಿಸುವುದು, ಉಳಿದದ್ದನ್ನು ಬುಡಕ್ಕೆ ಸುರಿಯುವುದು ಬೇಡ.

ಬಸಿಗಾಲುವೆ ತುಂಬಿ ನೀರು ನಿಂತ ತೋಟದಲ್ಲಿ ಬೇರೆಯೇ ತೊಂದರೆ. ಗಾಳಿಯಿಲ್ಲದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಮಳೆಗಾಲಕ್ಕೆ ಮೊದಲು ಕಾಲುವೆ ಎತ್ತಿಸುವ ಖರ್ಚು ಗೊಬ್ಬರದ ಖರ್ಚಿನಲ್ಲೇ ಉಳಿತಾಯವಾಗುತ್ತದೆ.

ಒಳ್ಳೆಯ ಆಳೂ ತಪ್ಪು ಜಾಗದಲ್ಲಿದ್ದರೆ ಕೆಲಸ ಕೆಡುತ್ತದೆ ಎಂಬುದಕ್ಕೆ ಪಲ್ಪರಿನ ನೀರು ಸಾಕ್ಷಿ. ಆ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ಧಾರಾಳ. ಅದನ್ನು ಹಳ್ಳಕ್ಕೆ ಬಿಟ್ಟರೆ ಅಲ್ಲಿಯ ಸೂಕ್ಷ್ಮಜೀವಿಗಳು ಹಬ್ಬದೂಟ ಉಂಡು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಹಳ್ಳದ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಪಲ್ಪರಿನ ಒಂದು ಲೀಟರ್ ನೀರು ಕೊಳೆಯಲು ಸಾವಿರಾರು ಮಿಲಿಗ್ರಾಂ ಬೇಕಾಗುತ್ತದೆ. 4,000 ಎಂದು ಹಿಡಿದರೂ ಒಂದು ಲೀಟರ್ ಕೊಳೆನೀರು 500 ಲೀಟರ್ ಹಳ್ಳದ ನೀರಿನ ಉಸಿರು ಕಟ್ಟಿಸಿತು. ಮೀನು ಸಾಯುವುದು ವಿಷದಿಂದಲ್ಲ, ಉಸಿರಿಲ್ಲದೆ. ಕೆಳಗಿನ ಊರಿನವರು ಕುಡಿಯುವುದೂ ಆ ಹಳ್ಳದ್ದೇ. 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ಇದು ನಿಷಿದ್ಧವೆಂಬುದು ಹಾಗಿರಲಿ, ನೆರೆಹೊರೆಯ ಧರ್ಮಕ್ಕೂ ಒಪ್ಪುವುದಿಲ್ಲ. ನೀರನ್ನು ತೊಟ್ಟಿಗಳಲ್ಲಿ ನಿಲ್ಲಿಸಿ, ಸುಣ್ಣದಿಂದ ಹುಳಿ ಮುರಿದು, ಕ್ರಮವಾಗಿ ಸಂಸ್ಕರಿಸಬೇಕು. ಹಣ್ಣಿನ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಬೇಕು. ಅಲ್ಲಿ ಅದೇ ಜೀವಿಗಳು ನಮ್ಮ ಕೆಲಸ ಮಾಡುತ್ತವೆ.

ಸದಸ್ಯರಲ್ಲಿ ವಿನಂತಿ

ತರಗು ಇದ್ದರೆ ಗೊಬ್ಬರವೇ ಬೇಡ ಎಂದು ಯಾರೂ ತಿಳಿಯಬಾರದು. ಕಾಫಿ, ಅಡಿಕೆ, ಮೆಣಸಾಗಿ ಗೇಟು ದಾಟಿ ಹೋದ ದ್ರವ್ಯ ಸುತ್ತುದಾರಿಯಿಂದ ಹೊರಗೆ ಹೋಯಿತು. ಅದನ್ನು ಹೊರಗಿನಿಂದಲೇ ತುಂಬಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಗೊಬ್ಬರ, ಹುಳಿ ಮಣ್ಣಿಗೆ ಸುಣ್ಣ ಕೊಡಿ. ಹಾಗೆಯೇ ಸುಡಲೇಬೇಕಾದದ್ದೂ ಉಂಟು: ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುವುದರಲ್ಲಿ ದಾಕ್ಷಿಣ್ಯ ಬೇಡ. ಕೊಳೆ ರೋಗದಿಂದ ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಗೆ ಹಾಕಿ.

ಬೇಸಗೆಯ ಕಾಡ್ಗಿಚ್ಚಿನ ಭಯಕ್ಕೆ ತೋಟದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ಬೆಂಕಿ ಲೈನು ಬಿಡಿಸಿ. ಅಲ್ಲಿ ಗುಡಿಸಿದ ತರಗನ್ನು ಸುಡದೆ ಒಳಗಿನ ತೊಟ್ಟಿಲು ಗುಂಡಿಗಳಿಗೆ ತುಂಬಿ. ಸಿಲ್ವರ್ ಓಕಿನ ಎಲೆ ನಿಧಾನವಾಗಿ ಕೊಳೆಯುತ್ತದೆ. ಅದೊಂದನ್ನೇ ನಂಬದೆ ಅತ್ತಿ, ಬಸರಿ, ಹಾಲುವಾಣಗಳನ್ನೂ ಉಳಿಸಿಕೊಳ್ಳಿ.

ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಜೂನ್ ಮೊದಲ ವಾರದಲ್ಲಿ ಹಳೆಯ ಹತ್ತಿ ಪಂಚೆಯಿಂದ ಒಂದೇ ಅಳತೆಯ ಎರಡು ತುಂಡು ಹರಿದುಕೊಳ್ಳಿ. ಪಾಲಿಯೆಸ್ಟರ್ ಬೆರೆತದ್ದು ಆಗದು. ಒಂದನ್ನು ತರಗು ದಟ್ಟವಾಗಿರುವ ಕಡೆ, ಇನ್ನೊಂದನ್ನು ಗುಡಿಸಿ ಬೋಳಾದ ಕಡೆ, ಗೇಣುದ್ದಕ್ಕಿಂತ ಕಡಿಮೆ ಆಳದಲ್ಲಿ ಹೂತು ಗೂಟ ಹೊಡೆದು ಗುರುತಿಡಿ. ಹತ್ತಿ ಎಂದರೆ ಬರೀ ನಾರು. ಆಳುಗಳು ಹೆಚ್ಚಿದ್ದ ಕಡೆ ಅದು ಬೇಗ ಕರಗುತ್ತದೆ. ಎರಡು ತಿಂಗಳ ಮೇಲೆ ಅಗೆದು ತೆಗೆಯಿರಿ. ಉಳಿದದ್ದನ್ನು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಸೆಪ್ಟೆಂಬರಿನ ಸರ್ವ ಸದಸ್ಯರ ಸಭೆಗೆ ತನ್ನಿ. ಪ್ರಶ್ನೆ ಕೇಳಿದ ಯುವ ಸದಸ್ಯರು ಆಗಲೇ ಒಪ್ಪಿದ್ದಾರೆ. ನಾವೂ ನಮ್ಮ ತುಂಡುಗಳನ್ನು ತರುತ್ತೇವೆ. ಯಾರ ತೋಟದಲ್ಲಿ ಆಳು ಹೆಚ್ಚು ಎಂಬುದನ್ನು ಅಂದು ಮೇಜಿನ ಮೇಲೆ ಹರಡಿ ನೋಡೋಣ.

— ಕಾರ್ಯದರ್ಶಿ